ಹದಿನೈದು ಅಂಕದ ಪ್ರಶ್ನೆ

ಐದನೇ ಸೆಮಿಸ್ಟರು, ಮಧ್ಯಾಹ್ನದ ಪಿರಿಯಡ್ಡು.
ಸಂಡೂರಿನ ಕಾಲೇಜಿನ ತಗಡಿನ ಕೋಣೆಯಲ್ಲಿ
ನಾನು ಅಮೆರಿಕದ ಹಿಮ ಸುರಿಸುತ್ತಿದ್ದೇನೆ.

ಹಳೆಯ ಕಾಲದ ಕಥೆ. ಕರಿ ಕೋಟಿನ ಜನ,
ಮರದ ಪ್ರಾರ್ಥನೆಮನೆ, ತಪ್ಪು ಮಾಡಿದವನೊಬ್ಬ.
ರಾತ್ರೋರಾತ್ರಿ ಊರವರು ಬಂದು
ಅವನ ಬಾಗಿಲಿಗೆ ಡಾಂಬರು ಬಳಿದರು.
ಬೆಳಗಾದರೆ ಎಲ್ಲರ ಕೈಯೂ ಕಪ್ಪು;
ಕೈಗವಸು ತೊಟ್ಟು ಪ್ರಾರ್ಥನೆಗೆ ಹೋದರು.

'ಸರ್, ಗಿಲ್ಟ್ ಅಂದ್ರೆ?' ಹಿಂದಿನ ಬೆಂಚಿನ ಜಂಬಣ್ಣ.
ಪಾಪಪ್ರಜ್ಞೆ, ಅಂತ ಹಲಗೆಯ ಮೇಲೆ ಬರೆದೆ.
ಯಾರ ಅವ್ವನೂ ಒಲೆ ಮುಂದೆ ಕೂತು ಆಡದ ಮಾತು.
ಬರೆದುಕೊಂಡರು.
ಸಿನ್ ಅಂದರೆ ಪಾಪ ಅಂದೊಡನೆ
ಯಾರೋ ಮೆಲ್ಲಗೆ 'ಅಯ್ಯೋ ಪಾಪ' ಅಂದು
ಇಡೀ ಕ್ಲಾಸು ನಕ್ಕಿತು.

ನಗದವಳು ಕಿಟಕಿ ಪಕ್ಕದ ಸುಂಕಮ್ಮ,
ವೇಬ್ರಿಡ್ಜಿನ ಎರ್ರಿಸ್ವಾಮಿಯ ಮಗಳು.

ಆ ವರ್ಷಗಳು ನಿಮಗೆ ಗೊತ್ತು.
ಹಗಲೂ ರಾತ್ರಿ ಅದಿರು ಲಾರಿಯ ಸಾಲು,
ಹಾಲಿನ ಕೆನೆ ಕೆಂಪು, ಎಮ್ಮೆಯ ಕಣ್ಣ ಪಿಸುರು ಕೆಂಪು,
ಮದುಮಗನ ಬಿಳಿ ಪಂಚೆ ಸಂಜೆಗೆ ಜಾಜಿನ ಬಣ್ಣ.
ಮೂವತ್ತು ಟನ್ನಿಗೆ ಹದಿನಾರು ಅಂತ ಚೀಟಿ ಬರೆದವನು ಎರ್ರಿಸ್ವಾಮಿ.
ಬರೆಸಿದವರು?
ಇಲ್ಲೊಂದು ಗುಡ್ಡ ಇತ್ತು, ಇದ್ದಿದ್ದರೆ ಅದನ್ನೇ ಕೇಳಬಹುದಿತ್ತು.

ಹಿತ್ತಲು ಮಾರಿ ಟಿಪ್ಪರು ತಂದೆವು. ಟಯರಂಗಡಿ, ಡಾಬಾ,
ಗುಡಿಗೆ ಗ್ರಾನೈಟು, ಮಸೀದಿಗೆ ಹೊಸ ಮೈಕು.
ನನ್ನ ಎಂ.ಎ. ಫೀಜು ಸೋದರಮಾವನದು,
ರಾತ್ರಿಗೆ ಮೂರು ಟ್ರಿಪ್ಪಿನ ಲೆಕ್ಕ.

ಜೀಪು ಬಂದು ಒಯ್ದದ್ದು ಚೀಟಿ ಬರೆದವನನ್ನು.
ಊರು ಹಗುರಾಯಿತು.
ಬಾಗಿಲಿಗೆ ಯಾರೂ ಏನೂ ಬಳಿಯಲಿಲ್ಲ, ನಾವು ಅಂಥವರಲ್ಲ.
ಮದುವೆ ಕಾರ್ಡು ಹಂಚುವಾಗ ಆ ಓಣಿ ಬಿಟ್ಟು ನಡೆದೆವು.
ಅವನ ಹೆಂಡತಿ ಬಟ್ಟಲು ಹಿಡಿದು ಹೆಪ್ಪು ಕೇಳಿ ಬಂದರೆ
'ಇವತ್ತು ಹಾಲೇ ಒಡದೋತವ್ವ' ಅಂದೆವು.
ಎಷ್ಟು ಮನೆಯಲ್ಲಿ, ಎಷ್ಟು ವರ್ಷ ಒಡೆದೀತು ಹಾಲು?

ಇಂಟರ್ನಲ್ಲಿಗೆ ಪ್ರಶ್ನೆ ಕೊಟ್ಟೆ:
ಪಾಪ, ಪಾಪಪ್ರಜ್ಞೆ, ಸಮುದಾಯ. ಕಥೆಯ ಆಧಾರದಿಂದ ಚರ್ಚಿಸಿ.
ನಲವತ್ತೊಂದು ಪತ್ರಿಕೆ. ನಲವತ್ತರಲ್ಲಿ ನನ್ನದೇ ನೋಟ್ಸು,
ನನ್ನದೇ ಸ್ಪೆಲಿಂಗ್ ತಪ್ಪಿನ ಸಮೇತ.

ಸುಂಕಮ್ಮ ಅರ್ಧ ಪುಟ ಇಂಗ್ಲಿಷಿನಲ್ಲಿ ತಡವರಿಸಿ
ಆಮೇಲೆ ಕನ್ನಡಕ್ಕೆ ಇಳಿದಿದ್ದಳು:

'ಡಾಂಬರು ಬಳಿದವರು ಆ ಮನೆ ತನಕ ಬಂದಾದರೂ ಬಂದಿದ್ದರು ಸರ್.
ಕೈಗವಸು ಯಾರು ಒಗೆದರು ಅಂತ ಕಥೆಯಲ್ಲಿಲ್ಲ.
ನಮ್ಮಪ್ಪ ಜೈಲಿಂದ ಬಂದಮೇಲೆ
ಸಂತೆಯಲ್ಲಿ ಉಳ್ಳಾಗಡ್ಡಿ ತೂಗುವಾಗ ಮುಖ ತಿರುಗಿಸುತ್ತಾನೆ.
ಇದಕ್ಕೆ ನೀವು ಹಲಗೆ ಮೇಲೆ ಬರೆದ ಪದ ಸರಿಹೋಗುತ್ತಾ ಗೊತ್ತಿಲ್ಲ.
ಅವ್ವ ಅವನನ್ನು ನೋಡಿ ಪಾಪ ಅಂತಾಳೆ.
ಯಾವ ಅರ್ಥದಲ್ಲಿ ಅಂತ ನಾನು ಕೇಳಿಲ್ಲ.'

ಉತ್ತರ ಇಂಗ್ಲಿಷಿನಲ್ಲೇ ಇರಬೇಕು, ಅದು ನಿಯಮ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಸುಂಕದವರ ಮುಂದೆ ಸುಖದುಃಖ ಹೇಳಿ ಫಲವಿಲ್ಲ ಅಂತಾರೆ.
ಇಲ್ಲಿ ಹೇಳಿಕೊಂಡವಳು ಸುಂಕಮ್ಮ,
ಸುಂಕದ ಕಟ್ಟೆಯಲ್ಲಿ ಕೂತವನು ನಾನು.
ಎಷ್ಟು ಬರೆಯಲಿ? ಇದ್ದದ್ದು ಎಷ್ಟು, ಚೀಟಿಯಲ್ಲಿ ಎಷ್ಟು?

ಅಂಕದ ಜಾಗ ಇನ್ನೂ ಖಾಲಿ.
ಕತ್ತಲಾಗುವ ಹೊತ್ತಿಗೆ ಸ್ಟೀಲು ಬಟ್ಟಲು ಹಿಡಿದು
ಆ ಓಣಿಗೆ ಬಂದು ನಿಂತಿದ್ದೇನೆ.
ಒಳಗೆ ಯಾರೋ ಎದ್ದು ಬರುವ ಸದ್ದು.
ಏನು ಬೇಕು ಅಂದರೆ ಹೆಪ್ಪು ಅನ್ನಬೇಕು.
ಮನೆಯಲ್ಲಿ ಹೆಪ್ಪು ಇದೆ.